ಅಡಿಕೆಯ ಸೀಮೆಯಲ್ಲಿ ಜೀವಕೋಶದ ಮಾತು

ಕಲಾ ಕಾಲೇಜಿನ ಸಂಚಿಕೆಯಲ್ಲಿ ಜೀವಕೋಶದ ಮಾತೇಕೆಂದು ಕೆಲವರು ಕೇಳಬಹುದು. ಕಡೂರು, ತರೀಕೆರೆ, ಅಜ್ಜಂಪುರಗಳ ಎಷ್ಟೋ ಮನೆಗಳಿಗೆ ಅಡಿಕೆಯೇ ಅನ್ನ. ಆದುದರಿಂದ ಈ ಮಾತು ನಮ್ಮದೇ.

ಜೀವಕೋಶದ ಹೊರಪೊರೆಗೆ ‘ಬೆಳೆ’ ಎಂಬ ಸಂದೇಶ ಮುಟ್ಟಿದಾಗ ಪ್ರೋಟೀನ್ ಕೈನೇಸ್‌ಗಳೆಂಬ ಕಿಣ್ವಗಳು ಅದನ್ನು ಒಳಕ್ಕೆ ದಾಟಿಸುತ್ತವೆ. ಒಂದು ಮತ್ತೊಂದಕ್ಕೆ ಫಾಸ್ಫೇಟನ್ನು ಅಂಟಿಸಿ ಎಚ್ಚರಿಸುತ್ತದೆ. ಕೊನೆಯದಾದ ಇ.ಆರ್.ಕೆ. ಕೋಶಕೇಂದ್ರವನ್ನು ಹೊಕ್ಕು ಎಲ್ಕ್-1 ಎಂಬ ಪ್ರೋಟೀನಿಗೆ ಫಾಸ್ಫೇಟು ಕೂಡಿಸಿದರೆ, ಜೀನಿನ ಬರಹ ಆರ್.ಎನ್.ಎ. ಆಗಿ ನಕಲಾಗತೊಡಗುತ್ತದೆ. ಬೇರೆ ಕಿಣ್ವಗಳು ಆ ಫಾಸ್ಫೇಟನ್ನು ಕಿತ್ತು ಕೆಲಸ ನಿಲ್ಲಿಸುತ್ತವೆ. ಬಾಯಿಯ ಅನೇಕ ಕ್ಯಾನ್ಸರುಗಳಲ್ಲಿ ಹೊರಪೊರೆಯ ಕೈನೇಸಾದ ಇ.ಜಿ.ಎಫ್.ಆರ್. ಮಿತಿಮೀರಿರುತ್ತದೆ, ‘ಬೆಳೆ’ ಎಂಬ ಕೂಗು ಅಡಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನುಷ್ಯನಿಗೆ ಕ್ಯಾನ್ಸರುಕಾರಕವೆಂದು ಸಾರಿತು. ಹೊಗೆಸೊಪ್ಪು ಬೆರೆತರೆ ಮಾತ್ರ ಕೇಡೆಂಬ ಸಮಾಧಾನ ಅಲ್ಲಿಗೆ ಮುಗಿಯಿತು.

ತೋಟ ಕಡಿಯಿರೆಂದು ನಾನು ಹೇಳುವುದಿಲ್ಲ. ಆದರೆ ಬೆಲೆ ಕುಸಿದೀತೆಂದು ಸತ್ಯವನ್ನು ಮುಚ್ಚಿಡುವುದು ರೈತನಿಗೆ ಮಾಡುವ ಉಪಕಾರವಲ್ಲ. ಅಗಿಯುವ ಬಾಯಿ ಅವನದೂ ಹೌದು. ಬಾಯಲ್ಲಿ ಮಾಯದ ಹುಣ್ಣು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕೆಂಬ ಮಾತನ್ನು ಮನೆಮನೆಯಲ್ಲಿ ತಿಳಿಗನ್ನಡದಲ್ಲಿ ಹೇಳುವುದು ಭಾಷೆಯನ್ನು ಓದುವ ನಮ್ಮ ಹೊಣೆಯಲ್ಲವೆ?