ಗೋಪುರಕ್ಕೆ ಹೂವು, ಅಡಿಗಲ್ಲಿಗೆ ಮೌನ



ಅಕ್ಟೋಬರ್ 5, 2011ರಂದು ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜನ ಆಪಲ್ ಮಳಿಗೆಗಳ ಮುಂದೆ ಹೂವು, ಮೇಣದಬತ್ತಿ, ಕಚ್ಚಿದ ಸೇಬು ಇಟ್ಟು ಕಂಬನಿ ಮಿಡಿದರು. 56ನೇ ವಯಸ್ಸಿಗೇ ಅಗಲಿದ ಆ ಪ್ರತಿಭಾವಂತನಿಗೆ ಈ ಗೌರವ ಸಲ್ಲಬೇಕಾದದ್ದೇ.

ಆದರೆ ಒಂದೇ ವಾರದ ಅಂತರದಲ್ಲಿ ಡೆನ್ನಿಸ್ ರಿಚಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದದ್ದು ಎಷ್ಟು ಜನರಿಗೆ ಗೊತ್ತಾಯಿತು? ಬೆಲ್ ಲ್ಯಾಬ್ಸ್‌ನಲ್ಲಿ ‘ಸಿ’ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದವರು, ಕೆನ್ ಥಾಂಪ್ಸನ್ ಜತೆ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಿದವರು ಅವರು. ರಿಚಿ, ಥಾಂಪ್ಸನ್ ಇಬ್ಬರಿಗೂ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತ್ತು. ಜಾಬ್ಸ್ ಲೋಕಕ್ಕೆ ಕೊಟ್ಟ ಐಫೋನ್‌ನ ಒಳಗಿನ ತಂತ್ರಾಂಶವೂ ಯುನಿಕ್ಸ್ ಬುನಾದಿಯ ಮೇಲೆಯೇ ನಿಂತಿದೆ.

ರಿಚಿ ತೀರಿಕೊಂಡ ಸುದ್ದಿ ತಿಳಿದ ಮರುದಿನ ಪಾಠಕ್ಕೆ ಮುನ್ನ ಈ ಇಬ್ಬರ ಹೆಸರು ಗೊತ್ತೇ ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದೆ. ಜಾಬ್ಸ್ ಎಲ್ಲರಿಗೂ ಗೊತ್ತು. ರಿಚಿ ಹೆಸರಿಗೆ ಎದ್ದದ್ದು ಎರಡೇ ಕೈ. ಉಳಿದವರ ಎದುರಿಗೂ ‘ಸಿ’ ಪುಸ್ತಕವೇ ತೆರೆದಿತ್ತು!

ಒಬ್ಬರ ಹಿರಿಮೆ ಹೇಳಲು ಇನ್ನೊಬ್ಬರನ್ನು ಕುಗ್ಗಿಸಬೇಕಿಲ್ಲ. ಕಂಪ್ಯೂಟರ್ ಪಠ್ಯದ ಮೊದಲ ಅಧ್ಯಾಯದಲ್ಲಿ ಇಂಥವರ ಪರಿಚಯಕ್ಕೆ ಒಂದು ಪುಟವನ್ನಾದರೂ ವಿಶ್ವವಿದ್ಯಾಲಯಗಳು ಮೀಸಲಿಡಲಿ. ಸಂಪಾದಕರೇ, ತಾವೂ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ರಿಚಿಯವರಿಗೆ ಅರ್ಧ ಪುಟ ಕೊಡಬೇಕೆಂದು ವಿನಂತಿ.

– ಕಂಪ್ಯೂಟರ್ ಉಪನ್ಯಾಸಕಿ, ಧಾರವಾಡ