ಎಲೆಮರೆಯ ಸೆಪ್ಟಿನ್

ಕ್ಯಾಲ್ಸಿಯಂ ಎಂದೊಡನೆ ಹಾಲು, ರಾಗಿ, ಮೂಳೆ ನೆನಪಾಗುತ್ತವೆ. ತಪ್ಪೇನಿಲ್ಲ, ದೇಹದ ಶೇ 99ರಷ್ಟು ಕ್ಯಾಲ್ಸಿಯಂ ಇರುವುದು ಮೂಳೆ, ಹಲ್ಲುಗಳಲ್ಲೇ. ಆದರೆ ಹೃದಯ ಮಿಡಿಯುವುದೂ ನರಕೋಶಗಳು ಮಾತಾಡಿಕೊಳ್ಳುವುದೂ ಮಿಕ್ಕ ಶೇ 1ರ ಬಲದಿಂದ. ಜೀವಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10 ಸಾವಿರ ಪಟ್ಟು ಹೆಚ್ಚು. ಅದು ಒಳನುಗ್ಗುವ ದಾರಿಯೇ ಕೋಶಪೊರೆಯ ಮೇಲಿನ ಚಾನೆಲ್. ಅಳತೆ ಮೀರಿ ನುಗ್ಗಿದರೆ ಕೋಶ ಸಾಯುತ್ತದೆ.

ನಮ್ಮ ಪಾಠಗಳು ಚಾನೆಲ್ಲಿನಲ್ಲೇ ನಿಂತುಬಿಡುತ್ತವೆ. ಅದರ ಸುತ್ತ ನಿಂತು, ತೆರೆಯುವ ಹೊತ್ತನ್ನು ನಿರ್ಧರಿಸುವ ಆಸರೆ ಪ್ರೋಟೀನ್‌ಗಳದು ಎಲೆಮರೆಯ ಬಾಳು. ಮನೆ ಕಟ್ಟುವಾಗಿನ ಸಾರುವೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಕೋಶದ ಸಾರುವೆ ಕೆಲಸವನ್ನೇ ಆಳುತ್ತದೆ.

ಒರಾಯ್ ಎಂಬ ಚಾನೆಲ್ಲನ್ನೇ ನೋಡಿ. ತೀವ್ರ ರೋಗನಿರೋಧಕ ಕೊರತೆಯೊಂದಿಗೆ ಹುಟ್ಟಿದ ಮಕ್ಕಳ ಜೀನ್ ಹುಡುಕುತ್ತ ಅಂಜನಾ ರಾವ್ ಅವರ ತಂಡ 2006ರಲ್ಲಿ ಅದನ್ನು ಗುರುತಿಸಿತು. ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನು ಬರಿದಾದಾಗ ಸ್ಟಿಮ್ ಎಂಬ ಪ್ರೋಟೀನ್ ಬಂದು ತಾಗಿದರೆ ಒರಾಯ್ ತೆರೆದುಕೊಳ್ಳುತ್ತದೆ. ಈ ಭೇಟಿ ಸರಿಯಾಗಿ ನಡೆಯಲು ಸೆಪ್ಟಿನ್ ಎಂಬ ಆಸರೆ ಪ್ರೋಟೀನ್‌ಗಳು ಬೇಕೆಂದು 2013ರಲ್ಲಿ ಗೊತ್ತಾಯಿತು. ಮೂರು ವರ್ಷದ ನಂತರ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ತಂಡ ಕಂಡದ್ದು ಇನ್ನೂ ಸೋಜಿಗದ್ದು: ಹಣ್ಣುನೊಣದ ನರಕೋಶದಲ್ಲಿ ಸೆಪ್ಟಿನ್–7 ತಗ್ಗಿಸಿದರೆ, ದಾಸ್ತಾನು ಬರಿದಾಗದಿದ್ದರೂ ಒರಾಯ್ ತೆರೆದುಕೊಳ್ಳುತ್ತದೆ. ಒಂದೇ ಮನೆತನದ ಪ್ರೋಟೀನ್‌ಗಳಲ್ಲಿ ಕೆಲವು ಚಾನೆಲ್ ತೆರೆಯಲು ನೆರವಾದರೆ, ಇದೊಂದು ಅದನ್ನು ತಡೆಹಿಡಿಯುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಹರಿವು ಹದ ತಪ್ಪಿದಾಗ ಸೆಪ್ಟಿನ್‌ಗೇ ಮಾತ್ರೆ ಮಾಡಬಹುದೇ? ಅವಸರ ಬೇಡ. ಸೆಪ್ಟಿನ್‌ಗಳು ಕೋಶ ವಿಭಜನೆಯಲ್ಲೂ ದುಡಿಯುತ್ತವೆ. ಒಂದನ್ನು ಕೆಣಕಿದರೆ ಇನ್ನೊಂದು ಕೆಡಬಹುದು. ಆದರೂ ಚಾನೆಲ್ಲಿನ ಸಹಾಯಕರನ್ನು ಹಿಡಿಯುವ ದಾರಿ ಬರಿಗನಸಲ್ಲ. ರಕ್ತದೊತ್ತಡದ ಅಮ್ಲೋಡಿಪಿನ್ ಒರಾಯ್ ಅಲ್ಲದ ಬೇರೆ ಬಗೆಯ ಕ್ಯಾಲ್ಸಿಯಂ ಚಾನೆಲ್ಲನ್ನೇ ನೇರವಾಗಿ ತಡೆಯುತ್ತದೆ. ನರನೋವಿಗೆ ಕೊಡುವ ಗ್ಯಾಬಾಪೆಂಟಿನ್ ಮಾತ್ರ ಅಂಥ ಚಾನೆಲ್ಲಿನ ಸಹಾಯಕ ಘಟಕವೊಂದಕ್ಕೆ ಅಂಟಿಕೊಂಡು, ಚಾನೆಲ್‌ಗಳು ಕೋಶದ ಮೇಲ್ಮೈ ತಲುಪುವುದನ್ನೇ ಕುಗ್ಗಿಸುತ್ತದೆ. ತಮಾಷೆಯೆಂದರೆ, ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ಗುರಿಯೇ ಬೇರೆ. ನಿಜವಾದ ಗುರಿ ತಿಳಿದದ್ದು ಔಷಧ ಬಳಕೆಗೆ ಬಂದ ಮೇಲೆ.

ಹಣ್ಣುನೊಣದ ಹಿಂದೆ ಬಿದ್ದವರಿಗೆ ಸರ್ಕಾರದ ದುಡ್ಡೇಕೆ ಎಂದು ಕೇಳುವವರು ಈ ಕಥೆಯನ್ನು ಓದಬೇಕು. ಪಿಯು ಜೀವಶಾಸ್ತ್ರ ಪಠ್ಯ ಬರೆಯುವವರು ಬೆಂಗಳೂರಿನ ಈ ಕೆಲಸಕ್ಕೆ ಒಂದು ಪುಟವನ್ನಾದರೂ ಕೊಡಲಿ.