ಆಗಸಕ್ಕೇರಿ ಮರಳುವ ಸೌರಕೋಶ

ಬದಿಯಡ್ಕದ ಮನೆಯೊಂದರ ಮಾಡಿನ ಮೇಲಿನ ಸೌರಫಲಕವು ಫೆಬ್ರವರಿಯ ನಡುಹಗಲಿನಲ್ಲಿ ನೀಡುವಷ್ಟು ವಿದ್ಯುತ್ತನ್ನು ಆಟಿ ತಿಂಗಳ ಮಳೆಯಲ್ಲಿ ನೀಡದು. ದೋಷ ಫಲಕದ್ದಲ್ಲ, ನಡುವಿನ ವಾಯುಮಂಡಲದ್ದು. ಮೋಡವಿಲ್ಲದ ದಿನದಲ್ಲಿಯೂ ಓಝೋನ್ ನೇರಳಾತೀತ ಕಿರಣಗಳನ್ನೂ ನೀರಾವಿ ಅವಕೆಂಪು ಕಿರಣಗಳನ್ನೂ ಹೀರಿಕೊಳ್ಳುತ್ತವೆ. ವಾಯುಮಂಡಲದ ಹೊರಗೆ ಚದರ ಮೀಟರಿಗೆ ಸುಮಾರು 1361 ವಾಟ್‌ಗಳಷ್ಟಿರುವ ಬಿಸಿಲು ನೆಲವನ್ನು ಮುಟ್ಟುವಾಗ ಸುಮಾರು 1000 ವಾಟ್‌ಗಳಿಗೆ ಇಳಿದಿರುತ್ತದೆ. ಆದುದರಿಂದ ಉಪಗ್ರಹಕ್ಕಾಗಿ ರೂಪಿಸಿದ ಸೌರಕೋಶದ ನಿಜವಾದ ಸಾಮರ್ಥ್ಯವು ನೆಲದ ಬಿಸಿಲಿನಲ್ಲಿ ತಿಳಿಯದು.

ಪ್ರಯೋಗಾಲಯದ ದೀಪ ಸಾಲದೇ ಎಂಬ ಪ್ರಶ್ನೆ ಸಹಜವಾದುದು. ಇಂದಿನ ಉಪಗ್ರಹಗಳ ಸೌರಕೋಶದಲ್ಲಿ ಹಲವು ಪದರಗಳಿದ್ದು, ಒಂದೊಂದು ಪದರವೂ ಬೆಳಕಿನ ಒಂದೊಂದು ಭಾಗವನ್ನು ಗ್ರಹಿಸುತ್ತದೆ. ಪದರಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ದುರ್ಬಲವಾದ ಪದರವೇ ಇಡೀ ಕೋಶದ ವಿದ್ಯುತ್ ಪ್ರವಾಹಕ್ಕೆ ಮಿತಿಯಾಗುತ್ತದೆ. ದೀಪದ ವರ್ಣಪಟಲವು ಸೂರ್ಯನದಕ್ಕಿಂತ ಅಲ್ಪ ಭಿನ್ನವಾದರೂ ಲೆಕ್ಕ ತಪ್ಪುತ್ತದೆ. ದೀಪವನ್ನು ಸರಿಹೊಂದಿಸುವುದಕ್ಕೂ ನಿಜವಾದ ಬಿಸಿಲಿನಲ್ಲಿ ಅಳೆದ ಮಾದರಿ ಕೋಶವೊಂದು ಬೇಕು.

ಬಲೂನಿನ ಮಹತ್ವವಿರುವುದು ಇಲ್ಲಿಯೇ. ಅಮೆರಿಕದ ನಾಸಾ ಸಂಸ್ಥೆಯು 1960ರ ದಶಕದಿಂದಲೇ ಸೌರಕೋಶಗಳನ್ನು ಬಲೂನಿನ ಮೂಲಕ ಸುಮಾರು 36 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿ ಅಳೆದಿದೆ. ವಾಯುಮಂಡಲದ ಶೇಕಡಾ 99ಕ್ಕಿಂತ ಹೆಚ್ಚಿನ ಭಾಗವು ಆ ಎತ್ತರದ ಕೆಳಗೇ ಉಳಿಯುತ್ತದೆ. ಅಳತೆ ಮುಗಿದ ಬಳಿಕ ಕೋಶಗಳು ಪ್ಯಾರಾಚೂಟಿನಲ್ಲಿ ನೆಲಕ್ಕಿಳಿದು ಪ್ರಯೋಗಾಲಯಗಳಿಗೆ ಮಾನದಂಡಗಳಾಗುತ್ತವೆ. ಉಪಗ್ರಹವಾದರೋ ಮರಳಿ ಬಾರದು. ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟವು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ವಿದ್ಯುತ್ ವ್ಯವಸ್ಥೆಯ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆ ದೋಷ ಸೌರಕೋಶದ್ದೆಂದು ಹೇಳಲಾಗದು. ಆದರೆ ಕಕ್ಷೆಯಲ್ಲಿ ವಿದ್ಯುತ್ತು ಕೈಕೊಟ್ಟರೆ ದುರಸ್ತಿಗೆ ಹೋಗುವವರಿಲ್ಲ ಎಂಬ ಪಾಠ ಅದರಲ್ಲಿದೆ.

ಭಾರತಕ್ಕೆ ಬಲೂನು ಹೊಸದಲ್ಲ. ಹೋಮಿ ಭಾಭಾ ಅವರು 1940ರ ದಶಕದಲ್ಲಿಯೇ ಬೆಂಗಳೂರಿನಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೆ ಬಲೂನುಗಳನ್ನು ಬಳಸಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವು ಹೈದರಾಬಾದಿನಲ್ಲಿದೆ. ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯಿಂದ ಬಲೂನುಗಳನ್ನು ಹಾರಿಸಿದೆ. ಹೀಲಿಯಂ ದುಬಾರಿ, ಗಾಳಿಯ ದಿಕ್ಕು ಅನಿಶ್ಚಿತ ಎಂಬ ಆಕ್ಷೇಪಗಳು ನಿಜ. ಆದರೆ ಸೌರಕೋಶದ ತೂಕ ಕೆಲವೇ ಗ್ರಾಂ. ಬೇರೆ ಪ್ರಯೋಗಕ್ಕಾಗಿ ಹೇಗೂ ಏರುವ ಬಲೂನಿನಲ್ಲಿ ಅದಕ್ಕೊಂದು ಮೂಲೆ ಸಾಕು. ಆ ಮೂಲೆಯನ್ನು ಕಾಲೇಜುಗಳಿಗೂ ನಿಯತವಾಗಿ ತೆರೆದಿಡಬೇಕು. ಕಾಸರಗೋಡಿನಂಥ ಗಡಿನಾಡಿನ ವಿದ್ಯಾರ್ಥಿಯೂ ತಾನು ಜೋಡಿಸಿದ ಕೋಶವನ್ನು ಮೇಲೆ ಕಳುಹಿಸಿ, ಮರಳಿ ಪಡೆದು, ಅದರ ಫಲಿತಾಂಶವನ್ನು ಕನ್ನಡದಲ್ಲಿ ಬರೆಯುವಂತಾದರೆ ವಿಜ್ಞಾನಕ್ಕೂ ಭಾಷೆಗೂ ಲಾಭ.